ಆಚೆ ದಡದ ಬದನೆಕಾಯಿ

ಮಕ್ಕಳಿಗೆ ನೀತಿ ಹೇಳುವ ಕೆಲಸಕ್ಕೆ ನನ್ನನ್ನೇ ಯಾಕೆ ಆರಿಸಿದರು ಎಂಬ ವಿಷಯದಲ್ಲಿ ನನಗೆ ಮೊದಲ ದಿನದಿಂದಲೂ ಅನುಮಾನವಿತ್ತು. ಅನುಮಾನ ನನ್ನ ಹುಟ್ಟುಗುಣ. ಬಾಗಿಲಿಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುತ್ತೇನೆ. ನಾಲ್ಕು ಹೆಜ್ಜೆ ಹೋದ ಮೇಲೆ, ಎಳೆದದ್ದು ನಮ್ಮ ಮನೆಯ ಬೀಗವನ್ನೇ ತಾನೆ ಎಂದು ವಾಪಸು ಬರುತ್ತೇನೆ. ಹಾಲಿನವನು ನಗುನಗುತ್ತಾ ಬಂದರೆ ಇವತ್ತು ನೀರು ಜಾಸ್ತಿ ಬೆರೆಸಿದ್ದಾನೆ ಎಂದುಕೊಳ್ಳುತ್ತೇನೆ. ಮುಖ ಗಂಟಿಕ್ಕಿಕೊಂಡು ಬಂದರೆ ಬೆರೆಸುವಾಗ ಯಾರೋ ನೋಡಿಬಿಟ್ಟಿರಬೇಕು ಎಂದುಕೊಳ್ಳುತ್ತೇನೆ. "ನಿಮ್ಮ ಕಣ್ಣಿಗೆ ಒಬ್ಬರಾದರೂ ಒಳ್ಳೆಯವರು ಬಿದ್ದಿದ್ದಾರೇನ್ರೀ?" ಎಂದು ನನ್ನ ಹೆಂಡತಿ ಜಾನಕಿ ಒಮ್ಮೆ ಕೇಳಿದಳು. ಅವಳು ಯಾಕೆ ಹಾಗೆ ಕೇಳಿದಳು ಎಂದು ಅರ್ಧ ದಿನ ಯೋಚಿಸಿದ್ದೇನೆ.

ಇದಕ್ಕೆ ನಮ್ಮ ಮನೆತನದ ಕಸುಬೇ ಕಾರಣ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುವುದುಂಟು. ತಾತನ ಕಾಲಕ್ಕೇ ಕಾಶಿಗೆ ಬಂದು ನೆಲೆಸಿದವರು ನಾವು. ಬಂಗಾಲಿ ಟೋಲಾದ ಓಣಿಯಲ್ಲಿ ಮನೆ. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಕೇದಾರ ಘಾಟಿನಲ್ಲಿ ಸಂಕಲ್ಪ, ಶ್ರಾದ್ಧ ಮಾಡಿಸುವುದು ನಮ್ಮ ತಂದೆಯವರ ಕೆಲಸ. ಕಾಶಿಗೆ ಬಂದವರು ತಮಗೆ ಬಹಳ ಇಷ್ಟವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಗಂಗೆಯ ಸಾಕ್ಷಿಯಾಗಿ ಬಿಟ್ಟುಬಿಡಬೇಕು, ಆಮೇಲೆ ಸಾಯುವತನಕ ಅದನ್ನು ಬಾಯಿಗಿಡಬಾರದು ಎಂಬುದು ನಮ್ಮವರ ಪದ್ಧತಿಯಷ್ಟೆ. ಹುಡುಗನಾಗಿದ್ದಾಗ ತಂದೆಯ ಪಕ್ಕದಲ್ಲಿ ಪಂಚಪಾತ್ರೆ ಹಿಡಿದು ಕೂತು, ನಮ್ಮ ನಾಡಿನ ಜನರಿಗೆ ಏನೇನು ಇಷ್ಟ ಎಂಬುದನ್ನು ಹತ್ತಿರದಿಂದ ಕಂಡವನು ನಾನು. ನೂರಕ್ಕೆ ಎಪ್ಪತ್ತು ಮಂದಿಗೆ ಹಾಗಲಕಾಯಿ ಪ್ರಾಣ! ಒಬ್ಬ ಯಜಮಾನರಂತೂ ಹಾಗಲಕಾಯಿ ಬಿಡುವಾಗ ಶಲ್ಯದ ತುದಿಯಿಂದ ಕಣ್ಣೊರೆಸಿಕೊಂಡರು. ಹಿಂದೆ ನಿಂತಿದ್ದ ಅವರ ಹೆಂಡತಿ, "ಮದುವೆಯಾಗಿ ಮೂವತ್ತು ವರ್ಷ ಆಯ್ತು, ಒಂದು ದಿನ ಮುಟ್ಟಿದವರಲ್ಲ" ಎಂದು ನನ್ನ ಕಿವಿಗೇ ಕೇಳುವಂತೆ ಗೊಣಗಿದರು. ನಮ್ಮ ತಂದೆ ಕಣ್ಣು ಮಿಟುಕಿಸದೆ ಮಂತ್ರ ಮುಗಿಸಿದರು. ಅವತ್ತಿನಿಂದ ಯಾರಾದರೂ ಏನನ್ನಾದರೂ ಬಿಟ್ಟೆ ಎಂದರೆ ನಾನು ಮೊದಲು ಅವರ ಹೆಂಡತಿಯ ಮುಖ ನೋಡುತ್ತೇನೆ.

ತಂದೆಯ ಕಸುಬು ಅಣ್ಣನಿಗೆ ಹೋಯಿತು. ನಾನು ಓಣಿಯ ಕೊನೆಯಲ್ಲಿದ್ದ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರನಾದೆ. ತೊಂಬತ್ತರ ದಶಕ ಈಗತಾನೆ ಶುರುವಾಗಿದೆ; ಇದು ಹೋದ ವರ್ಷದ ಮಾತು. ನಮ್ಮ ಮುಖ್ಯೋಪಾಧ್ಯಾಯಿನಿ, ಎಲ್ಲರ ಬಾಯಲ್ಲಿ ಬಡೀ ಬೆಹನ್‌ಜೀ, ಒಂದು ದಿನ ನನ್ನನ್ನು ಕರೆದು ಮೂರನೇ ತರಗತಿಗೆ ದಿನದ ಕೊನೆಯ ಪೀರಿಯಡ್ 'ನೈತಿಕ ಶಿಕ್ಷಾ' ನೀವೇ ತೆಗೆದುಕೊಳ್ಳಿ ಎಂದರು. ಮೂವತ್ತನಾಲ್ಕು ಮಕ್ಕಳು. ನಾನು ನೀತಿಪಾಠ ಮಾಡುತ್ತಿದ್ದ ರೀತಿಯೆಂದರೆ ಪೊಲೀಸು ತಪಾಸಣೆಯೇ. ಪಾಠ ಕೊನೆಯ ಪೀರಿಯಡ್ಡಿಗಾದರೂ, ಬೆಳಗ್ಗೆಯೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಉಗುರು ನೋಡುವುದು, ಜೇಬು ನೋಡುವುದು, ಕೊನೆಗೆ "ಬಾಯಿ ತೆಗಿ" ಎಂದು ನಾಲಿಗೆಯಡಿ ಹುಣಸೆಹಣ್ಣಿದೆಯೋ ಪಾನ್ ಮಸಾಲೆಯಿದೆಯೋ ನೋಡುವುದು. ಉಳಿದ ವಿಷಯಗಳಿಗೆ ನನ್ನ ಮಗಳು ಸುಮಾ ಇದ್ದಳು. ಎಂಟು ವರ್ಷ, ಅದೇ ಕ್ಲಾಸು. ಪೆನ್ಸಿಲ್ ಕದ್ದವರಾರು, ಬೋರ್ಡಿನ ಮೇಲೆ ನನ್ನ ಮೂಗನ್ನು ಬರೆದವರಾರು ಎಂಬುದೆಲ್ಲ ಮನೆಗೆ ಬರುವ ದಾರಿಯಲ್ಲೇ ನನಗೆ ತಲುಪುತ್ತಿತ್ತು. ಮನೆಗೆ ಬಂದ ಮೇಲೆ, ದಾರಿಯಲ್ಲಿ ನಾನು ಏನೇನು ತಿಂದೆ ಎಂಬುದು ಅವಳ ಅಮ್ಮನಿಗೆ ತಲುಪುತ್ತಿತ್ತು. ಎರಡೂ ಕಡೆಗೆ ಅಷ್ಟು ನಿಷ್ಠೆಯಿಂದ ದುಡಿದವರನ್ನು ನಾನು ಬೇರೆ ಕಂಡಿಲ್ಲ.

ಪುಸ್ತಕದ ನೀತಿ ಮಕ್ಕಳಿಗೆ ಹತ್ತುತ್ತಿಲ್ಲವೆಂದು ನಾನು ಒಂದು ಯುಕ್ತಿ ಹೂಡಿದೆ. ಚಳಿಗಾಲದ ಒಂದು ಸೋಮವಾರ ಕ್ಲಾಸನ್ನೆಲ್ಲ ಘಾಟಿಗೆ ಕರೆದುಕೊಂಡು ಹೋಗಿ ಮೆಟ್ಟಿಲ ಮೇಲೆ ಕೂರಿಸಿದೆ. "ದೂರದೂರದಿಂದ ಜನ ಇಲ್ಲಿಗೆ ಬಂದು ಇಷ್ಟವಾದದ್ದನ್ನು ಬಿಟ್ಟು ಹೋಗುತ್ತಾರೆ. ಇಲ್ಲೇ ಹುಟ್ಟಿದ ನೀವು ಒಂದೊಂದು ಕೆಟ್ಟ ಚಾಳಿ ಬಿಡಬಾರದೆ?" ಎಂದೆ. ಅಂಗೈಯಲ್ಲಿ ಗಂಗಾಜಲ ಹಿಡಿಸಿ ಒಬ್ಬೊಬ್ಬರ ಬಾಯಿಂದಲೂ ಹೇಳಿಸಿದೆ. ಕಾಶಿಯ ಮಕ್ಕಳು ಸ್ವಾಮಿ! ಒಬ್ಬ ಬೀಡಿ ಬಿಟ್ಟ. ಅವನು ಸೇದುತ್ತಿರಲೇ ಇಲ್ಲ. ಒಬ್ಬಳು ಅಣ್ಣನ ಜೊತೆ ಜಗಳವಾಡುವುದನ್ನು ಬಿಟ್ಟಳು, ಅಣ್ಣ ಕಲ್ಕತ್ತೆಯಲ್ಲಿದ್ದ. ಇನ್ನೊಬ್ಬ ಗಣಿತವನ್ನೇ ಬಿಡಲು ಮುಂದೆ ಬಂದ. ದೋಣಿ ನಡೆಸುವ ಮನೆತನದ ಬಬ್ಬನ್ ಎಂಬ ಚೂಟಿ ಹುಡುಗ ಸುಳ್ಳು ಹೇಳುವುದನ್ನು ಬಿಟ್ಟೆ ಎಂದಾಗ, ಅದೇ ಅವನ ಇವತ್ತಿನ ಸುಳ್ಳು ಎಂದುಕೊಂಡೆ. ಕೊನೆಗೆ ಸುಮಾ ಬಂದಳು. ಕಣ್ಣು ಮುಚ್ಚಿಕೊಂಡು, ಚಾಡಿ ಹೇಳುವುದನ್ನು ಬಿಟ್ಟೆ ಎಂದು ನೀರು ಬಿಟ್ಟುಬಿಟ್ಟಳು.  ಇದ್ದೊಬ್ಬ ಗೂಢಚಾರಿಣಿಯೂ ಕೈತಪ್ಪಿದಳಲ್ಲ!

ಇದು ನಮ್ಮ ಮಹಡಿಯ ಕೋಣೆಯಲ್ಲಿದ್ದ ಗೌರಜ್ಜಿಯ ಕೆಲಸ ಎಂದು ಆಮೇಲೆ ತಿಳಿಯಿತು. ಹಾಸನದ ಕಡೆಯ ಹಳ್ಳಿಯವರು, ಕೊನೆಗಾಲವನ್ನು ಕಾಶಿಯಲ್ಲಿ ಕಳೆಯಲೆಂದು ಬಂದವರು. ನನ್ನ ಯುಕ್ತಿಯ ಸುಳಿವು ಮನೆಯಲ್ಲೇ ಸಿಕ್ಕಿದ್ದ ಸುಮಾ, ಏನು ಬಿಡಲಿ ಎಂದು ಹಿಂದಿನ ದಿನ ಕೇಳಿದ್ದಕ್ಕೆ, "ಬಿಟ್ಟರೆ ಹೊಟ್ಟೆ ಚುರ್ರ್ ಅನ್ನಬೇಕು ಮಗಾ, ಅಂಥದ್ದು ಬಿಡು. ನಾನು ಬದನೇಕಾಯಿ ಬಿಟ್ಟಿದೀನಿ ನೋಡು. ಎಣ್ಣೆಗಾಯಿ ಅಂದ್ರೆ ನಂಗೆ ಈಗ್ಲೂ ಕನಸು ಬೀಳತ್ತೆ" ಎಂದಿದ್ದರಂತೆ.

ಸರಿ, ಮುಗಿಯಿತೆಂದು ಏಳುವಾಗ ಬಬ್ಬನ್ ಕೈಯೆತ್ತಿದ. "ಔರ್ ಆಪ್, ಮಾಸ್ಟರ್‌ಜೀ?" ಅಂದರೆ, ನೀವೇನು ಬಿಡುತ್ತೀರಿ ಎಂದು. ಮೂವತ್ತನಾಲ್ಕು ಜೋಡಿ ಕಣ್ಣು ನನ್ನ ತುಟಿಯ ಮೇಲೆ ನಿಂತವು. ತುಟಿ ಕೆಂಪಗಿತ್ತು. ಜರ್ದಾ ಹಾಕಿದ ಪಾನ್ ನನಗೆ ಊಟಕ್ಕಿಂತ ಹೆಚ್ಚು. ಹಾಗಲಕಾಯಿ ಎನ್ನೋಣವೆಂದು ಬಾಯಿಯತನಕ ಬಂದಿತ್ತು. ಆದರೆ ಪಕ್ಕದಲ್ಲೇ ಸುಮಾ ನಿಂತಿದ್ದಳು. "ಪಾನ್ ಬಿಟ್ಟೆ" ಎಂದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಬಡೀ ಬೆಹನ್‌ಜೀ ಸುದ್ದಿ ಕೇಳಿ ಉಬ್ಬಿಹೋಗಿ, ತಿಂಗಳ ಕೊನೆಯ ಶನಿವಾರ ಮನೆಯವರನ್ನೆಲ್ಲ ಕರೆಸಿ ಸಭೆ ಮಾಡೋಣ, ಯಾರ್‍ಯಾರು ಮಾತು ಉಳಿಸಿಕೊಂಡರು ಎಂದು ಮಕ್ಕಳೇ ಹೇಳಲಿ ಎಂದುಬಿಟ್ಟರು.

ಆರು ದಿನ ತಡೆದೆ. ಏಳನೆಯ ದಿನ ಭಾನುವಾರ. ಕಾಶಿಯಲ್ಲಿ ಪಾನ್ ಬಿಟ್ಟು ಓಣಿಯಲ್ಲಿ ನಡೆಯುವವನ ಕಷ್ಟ ನಿಮಗೆ ಗೊತ್ತಾಗುವುದಿಲ್ಲ. ಆಗ ನನ್ನೊಳಗಿನ ಪುರೋಹಿತ ಎಚ್ಚರಗೊಂಡ. ನದಿಯ ಆಚೆ ದಡದ ರಾಮನಗರದಲ್ಲಿ ಸತ್ತವರಿಗೆ ಮೋಕ್ಷವಿಲ್ಲ, ಅವರು ಮುಂದಿನ ಜನ್ಮದಲ್ಲಿ ಕತ್ತೆಯಾಗುತ್ತಾರೆ ಎಂದು ನಮ್ಮಲ್ಲಿ ಹೇಳುತ್ತಾರೆ. ಅಂದರೆ ಈ ದಡದ ಪುಣ್ಯ ಆ ದಡಕ್ಕೆ ನಡೆಯುವುದಿಲ್ಲ. ಪುಣ್ಯವೇ ನಡೆಯದ ಮೇಲೆ ಈ ದಡದಲ್ಲಿ ಹಿಡಿದ ವ್ರತ ಅಲ್ಲಿ ಹೇಗೆ ನಡೆದೀತು? ಶಾಸ್ತ್ರ ಇಷ್ಟು ಸ್ಪಷ್ಟವಾಗಿರುವಾಗ ನಾನು ದೋಣಿ ಹತ್ತಿದೆ. ರಾಮನಗರದ ಕೋಟೆಯ ಪಕ್ಕದ ಅಂಗಡಿಯಲ್ಲಿ ಎರಡು ಪಾನ್ ಹಾಕಿ, ಬರುವಾಗ ನದಿಯ ನೀರಿನಲ್ಲಿ ಐದು ಸಲ ಬಾಯಿ ಮುಕ್ಕಳಿಸಿ, ಏಲಕ್ಕಿ ಅಗಿದು, ಹೋದದ್ದಕ್ಕೆ ನೆಪವಿರಲೆಂದು ಅಲ್ಲಿನ ಹೆಸರುವಾಸಿ ದಪ್ಪ ಬದನೆಕಾಯಿ ಕೊಂಡು ತಂದೆ. ಮುಂದಿನ ಭಾನುವಾರವೂ ಬದನೆಕಾಯಿ. ಅದರ ಮುಂದಿನದೂ. "ಏನ್ರೀ ಇದು, ಬದನೆಕಾಯಿ ಹುಚ್ಚು ಯಾವಾಗ ಹಿಡೀತು ನಿಮಗೆ?" ಎಂದು ಜಾನಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಎಣ್ಣೆಗಾಯಿಯ ಘಮ ಮೆಟ್ಟಿಲು ಹತ್ತಿ ಹೋದಾಗ ಮಹಡಿಯಲ್ಲಿ ಗೌರಜ್ಜಿ ದಡಾರನೆ ಕಿಟಕಿ ಹಾಕಿಕೊಳ್ಳುವುದು ಕೇಳಿಸುತ್ತಿತ್ತು. ಪಾಪ, ನನ್ನ ಪಾನಿಗೆ ಅವರು ಯಾತನೆ ಪಡುತ್ತಿದ್ದರು.

ಇಷ್ಟರಲ್ಲಿ ಕ್ಲಾಸಿನಲ್ಲಿ ಏನೋ ನಡೆಯತೊಡಗಿತು. ನಾನು ಒಳಗೆ ಹೋದರೆ ಗುಸುಗುಸು ನಿಂತುಹೋಗುತ್ತದೆ. ಬಬ್ಬನ್ ನನ್ನ ಮುಖ ನೋಡಿ ಪುಸ್ತಕದೊಳಗೆ ತಲೆ ಹುದುಗಿಸುತ್ತಾನೆ. ಜಗಳವಿಲ್ಲ, ಕಳ್ಳತನವಿಲ್ಲ, ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡುತ್ತಾರೆ. ಮೂರನೇ ತರಗತಿಯ ಮಕ್ಕಳು ಇಷ್ಟು ಒಳ್ಳೆಯವರಾದರೆ ಯಾವ ಮಾಸ್ತರನಿಗೆ ನಿದ್ದೆ ಬಂದೀತು? ಎಲ್ಲ ಸೇರಿ ವ್ರತ ಮುರಿದಿದ್ದಾರೆ, ಸಭೆಯ ದಿನ ಒಟ್ಟಾಗಿ ಸುಳ್ಳು ಹೇಳಲು ಸಂಚು ಮಾಡಿದ್ದಾರೆ, ಆ ಸಂಚಿಗೆ ಬಬ್ಬನ್ ಮುಖಂಡ ಎಂದು ನನಗೆ ಖಾತ್ರಿಯಾಯಿತು. ಜೇಬು ತಪಾಸಣೆ ದಿನಕ್ಕೆರಡು ಸಲ ಮಾಡಿದೆ. ಸಿಕ್ಕಿದ್ದು ಗೋಲಿ.

ಶುಕ್ರವಾರ ಸಂಜೆ ಸುಮಾಳನ್ನು ಕೂರಿಸಿಕೊಂಡೆ. ನಾಳೆ ಊರಿನವರ ಮುಂದೆ ಅಪ್ಪನ ಮರ್ಯಾದೆ ಹೋಗುತ್ತದೆ, ಕ್ಲಾಸಿನಲ್ಲಿ ಏನು ಮುಚ್ಚಿಡುತ್ತಿದ್ದೀರಿ ಹೇಳು ಎಂದೆ. ಅವಳು ತುಟಿಗಳನ್ನು ಒಳಗೆ ಎಳೆದುಕೊಂಡಳು. ಪುಸಲಾಯಿಸಿದೆ, ಜಿಲೇಬಿಯ ಆಸೆ ತೋರಿಸಿದೆ, ಗದರಿಸಿದೆ.

"ಚಾಡಿ ಹೇಳಬಾರ್ದು ಅಂತ ನೀನೇ ಗಂಗಾಜಲ ಹಿಡಿಸಿದೀಯಲ್ಲ ಅಪ್ಪ!" ಎಂದು ಅಳತೊಡಗಿದಳು.

ನನಗೆ ಸಿಟ್ಟು ನೆತ್ತಿಗೇರಿತು. ಹೇಳುವತನಕ ಮೂಲೆಯಲ್ಲಿ ನಿಲ್ಲು ಎಂದೆ. ನಿಂತಳು. ಅರ್ಧ ಗಂಟೆ ನಿಂತಳು, ಹೇಳಲಿಲ್ಲ. ಮಹಡಿಯಿಂದ ಇಳಿದು ಬಂದ ಗೌರಜ್ಜಿ, "ಏನೋ ಸೀತಾರಾಮ, ಹಿಡಿದ ಮಾತು ಉಳಿಸಿಕೊಂಡಿದ್ದಕ್ಕೆ ಶಿಕ್ಷೆಯೇನೋ? ಯಾವ ಸೀಮೆ ಮೇಷ್ಟ್ರಯ್ಯಾ ನೀನು!" ಎಂದು ಉಗಿದು, ಅವಳ ಕೈಹಿಡಿದು ಮೇಲಕ್ಕೆ ಕರೆದುಕೊಂಡು ಹೋದರು. 

ಶನಿವಾರ ಶಾಲೆಯ ಅಂಗಳದಲ್ಲಿ ಸಭೆ ತುಂಬಿತ್ತು. ಮಕ್ಕಳು ಒಬ್ಬೊಬ್ಬರಾಗಿ ಎದ್ದು ಹೇಳಿದರು. ಮಾತು ತಪ್ಪಿದವರು ತಪ್ಪಿದ್ದೇವೆ ಎಂದೇ ಹೇಳಿದರು. ನನಗೆ ಆಶ್ಚರ್ಯವಾಯಿತು, ಸಂಚಿನ ಸುಳಿವೇ ಇಲ್ಲ. ಹಿಂದೆ ಗೋಡೆಗೊರಗಿ ಕೆಂಪು ಮಫ್ಲರ್ ಸುತ್ತಿಕೊಂಡು ನಿಂತವನನ್ನು ಎಲ್ಲೋ ನೋಡಿದ ಹಾಗಿದೆಯಲ್ಲ ಎಂದು ಯೋಚಿಸುತ್ತಿದ್ದಾಗ ಬಡೀ ಬೆಹನ್‌ಜೀ ಎದ್ದರು. "ನಿಮ್ಮ ಮಾಸ್ಟರ್‌ಜೀ ಕೂಡ ಪಾನ್ ಬಿಟ್ಟರಲ್ಲವೇ ಮಕ್ಕಳೇ? ಮಾತು ಉಳಿಸಿಕೊಂಡರು ತಾನೆ?" ಎಂದು ನಗುತ್ತಾ ಕೇಳಿದರು.

 ಮೂವತ್ತನಾಲ್ಕು ತಲೆಗಳು ಒಟ್ಟಿಗೆ ನೆಲ ನೋಡಿದವು. "ಬಬ್ಬನ್, ನೀನು ಹೇಳು" ಎಂದರು ಅವರು. ಬಬ್ಬನ್ ಎದ್ದು ನಿಂತ. ನನ್ನನ್ನು ನೋಡಿದ, ಗೋಡೆಯ ಹತ್ತಿರದ ಕೆಂಪು ಮಫ್ಲರನ್ನು ನೋಡಿದ.

"ಬೆಹನ್‌ಜೀ, ನಾನು ಸುಳ್ಳು ಹೇಳುವುದನ್ನು ಬಿಟ್ಟಿದ್ದೇನೆ. ಅದಕ್ಕೇ ಏನೂ ಹೇಳುವುದಿಲ್ಲ" ಎಂದು ಕೂತುಬಿಟ್ಟ.

ಆ ಮಫ್ಲರು ಯಾರದೆಂದು ನನಗೆ ಆಗ ನೆನಪಾಯಿತು. ಪ್ರತಿ ಭಾನುವಾರ ನನ್ನನ್ನು ಆಚೆ ದಡಕ್ಕೆ ದಾಟಿಸಿ, ನಾನು ಬಾಯಿ ಮುಕ್ಕಳಿಸುವುದನ್ನು ಮೂರಡಿ ದೂರದಲ್ಲಿ ಕೂತು ನೋಡಿದ ದೋಣಿಯವನು! ಬಬ್ಬನ್‌ನ ಚಿಕ್ಕಪ್ಪ. ಜಗತ್ತಿನಲ್ಲಿ ಎಲ್ಲರನ್ನೂ ಶಂಕಿಸಿದ ನಾನು, ದೋಣಿಯವನಿಗೂ ಒಂದು ಮನೆಯಿರುತ್ತದೆ, ಆ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿರುತ್ತಾರೆ ಎಂಬುದನ್ನೇ ಮರೆತಿದ್ದೆ. ಕ್ಲಾಸು ಮುಚ್ಚಿಟ್ಟದ್ದು ನನ್ನ ಗುಟ್ಟನ್ನು. ಹಿಂದಿನ ಸಂಜೆ ನನ್ನ ಮಗಳು ಮೂಲೆಯಲ್ಲಿ ನಿಂತದ್ದೂ ಅದಕ್ಕೇ.

ಆಚೆ ದಡದ ಶಾಸ್ತ್ರ ನಾಲಿಗೆಯ ತುದಿಗೆ ಬಂದಿತ್ತು, ಸುಳ್ಳೇಕೆ ಹೇಳಲಿ. ಆದರೆ ಮುಂದಿನ ಸಾಲಿನಲ್ಲಿ ಸುಮಾ ಹಿಂದಿನ ಸಂಜೆಯ ಹಾಗೆಯೇ ತುಟಿ ಒಳಗೆಳೆದುಕೊಂಡು, ಎರಡೂ ಮುಷ್ಟಿ ಬಿಗಿಹಿಡಿದು ಕೂತಿದ್ದಳು. ನನಗೆ ನಾಚಿಕೆಯಾಯಿತು. ಎದ್ದು ನಿಂತು, "ಬಿಟ್ಟಿಲ್ಲ. ರಾಮನಗರಕ್ಕೆ ಹೋಗಿ ತಿಂದು ಬರುತ್ತಿದ್ದೆ" ಎಂದೆ. ಸಭೆಯಲ್ಲಿ ಮೊದಲು ಯಾರು ನಕ್ಕರೋ ಗೊತ್ತಿಲ್ಲ. ಹೆಂಗಸರ ಕಡೆಯಿಂದ "ಬದನೆಕಾಯಿ!" ಎಂಬ ಜಾನಕಿಯ ದನಿ ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಮನೆಗೆ ಹೋಗುವಾಗ ಓಣಿಯಲ್ಲಿ ಸುಮಾಳ ಕೈ ಹಿಡಿದುಕೊಂಡೆ. "ನಿನ್ನೆ ನಿನ್ನ ನಿಲ್ಲಿಸಿದ್ದು ತಪ್ಪಾಯ್ತು ಪುಟ್ಟಿ" ಎಂದೆ. "ಕಾಲು ನೋವು ಬಂತು" ಎಂದಳು. ಅಷ್ಟು ಗದರಿಸಿದರೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನಿನ್ನ ಮೇಲೆ ನಿನ್ನ ಹತ್ರಾನೇ ಚಾಡಿ ಹೇಳಕ್ಕಾಗತ್ತಾ ಅಪ್ಪ? ನೀನು ಬೇಜಾರು ಮಾಡ್ಕೋತಿದ್ದೆ."

ನಾನು ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡೆ. ಬಂಗಾಲಿ ಟೋಲಾದಲ್ಲಿ ಧೂಳು ಜಾಸ್ತಿ.

ಸೋಮವಾರ ಬಬ್ಬನ್ ಲೋಟದಲ್ಲಿ ಗಂಗಾಜಲ ತಂದಿದ್ದ. ಮತ್ತೊಮ್ಮೆ ಹೇಳಿ ಮಾಸ್ಟರ್‌ಜೀ ಎಂದು ನನ್ನ ಅಂಗೈಗೆ ನಮ್ಮ ತಂದೆಯಷ್ಟೇ ಗಂಭೀರವಾಗಿ ನೀರು ಸುರಿದ. ಪಾನ್ ಬಿಟ್ಟೆ ಎಂದೆ. "ಜರ್ದಾ ಕೂಡ" ಎಂದ ಒಬ್ಬ. "ಬರೀ ಅಡಿಕೆ ಕೂಡ" ಎಂದಳು ಕಲ್ಕತ್ತೆ ಅಣ್ಣನ ತಂಗಿ. "ಆಚೆ ದಡದಲ್ಲೂ ಅಂತ ಹೇಳು" ಎಂದು ಸುಮಾ ಮಾತ್ರ ಕನ್ನಡದಲ್ಲಿ ಸೇರಿಸಿದಳು. ಎಲ್ಲವನ್ನೂ ಹೇಳಿದ ಮೇಲೆಯೇ ನೀರು ಬಿಡಲು ಅಪ್ಪಣೆಯಾಯಿತು. ಒಂದು ವರ್ಷ ನಾನು ಹೇಳಿಕೊಟ್ಟ ದಯೆ, ಸತ್ಯ, ವಿನಯ ಯಾರಿಗೆ ಎಷ್ಟು ಹತ್ತಿದೆಯೋ ಕಾಣೆ. ನನ್ನ ತಪಾಸಣೆಯ ಕ್ರಮ ಮಾತ್ರ ಒಬ್ಬರನ್ನೂ ಬಿಡದೆ ಎಲ್ಲರಿಗೂ ಹತ್ತಿದೆ.

ಈಗ ಬೆಳಗ್ಗೆ ನಾನು ಅವರ ಉಗುರು ನೋಡುವುದಕ್ಕೆ ಮೊದಲು ಅವರು ನನ್ನ ಬಾಯಿ ನೋಡುತ್ತಾರೆ. ಬಗ್ಗಿ ನಿಂತು 'ಆ' ಎನ್ನುತ್ತೇನೆ. ಮೂವತ್ತಮೂರು ಮಂದಿ ಒಂದೊಂದು ಸಲ ಇಣುಕಿ, ಸರಿ ಎಂದು ತಲೆಯಾಡಿಸಿ ಹೋಗಿ ಕೂರುತ್ತಾರೆ. ಕೊನೆಯಲ್ಲಿ ನಿಂತ ಸುಮಾ ಕೂಡ ಇಣುಕಿ, ತಲೆಯಾಡಿಸಿ, ನಾಲ್ಕು ಹೆಜ್ಜೆ ಹೋಗಿ, ನಿಂತು, ವಾಪಸು ಬಂದು ಇನ್ನೊಂದು ಸಲ ನೋಡುತ್ತಾಳೆ. ಎಷ್ಟಾದರೂ ನನ್ನ ಮಗಳು.