ಕೊಬ್ಬು ತೊಳೆದ ಗಾಬರಿ

ಬದಲಾಗಿದ್ದು ಒಂದು ಬಾಟಲಿ ಅಷ್ಟೇ. ಬೆಳಿಗ್ಗೆ ಕಾಲಂ ತೊಳೆಯುವಾಗ ಉಪ್ಪುನೀರಿಗೆ ಇಳಿಬಿಡಬೇಕಾದ ಟ್ಯೂಬನ್ನು ಅವನು ಸ್ಪಿರಿಟ್ಟಿಗೆ ಇಳಿಬಿಟ್ಟ. ಪಂಪು ತನ್ನ ಪಾಡಿಗೆ ಹೀರಿತು. ಅರಿವಾಗುವಷ್ಟರಲ್ಲಿ ಮುಕ್ಕಾಲು ಬಾಟಲಿ ಖಾಲಿಯಾಗಿತ್ತು.

ಲ್ಯಾಬಿನಲ್ಲಿ ಎಲ್ಲರೂ ಅವನನ್ನು ಗಾಬರಿ ಎಂದೇ ಕರೆಯುತ್ತಿದ್ದರು. ಈ ಸಲವಂತೂ ಹೆಸರಿಗೆ ಕಾರಣವಿತ್ತು. ಕಾಲಂ ಅಂದರೆ ಬೆರಳುದ್ದದ ಉಕ್ಕಿನ ಕೊಳವೆ, ಒಳಗೆಲ್ಲ ನುಣ್ಣನೆಯ ಪುಡಿ. ಪುಡಿಯ ಕಣಕಣಕ್ಕೂ ಲ್ಯಾಬಿನ ಮುಖ್ಯಸ್ಥೆ ಮೇಡಂ ಕೊಬ್ಬಿನ ತೆಳುಪದರ ಹೊದಿಸಿದ್ದರು, ನಮ್ಮ ಮೈಯ ಜೀವಕೋಶಕ್ಕೆ ಇರುವಂಥದ್ದೇ. ಔಷಧಿ ಆ ಕೊಬ್ಬಿಗೆ ಅಂಟಿ ತಡವಾಗಿ ಹೊರಬಂದರೆ ಜೀವಕೋಶವನ್ನೂ ಹೊಕ್ಕೀತು ಎಂದು ಲೆಕ್ಕ. ಮೂರು ವರ್ಷದ ತಪಸ್ಸು ಅದು. ಸ್ಪಿರಿಟ್ಟಿಗೆ ಕೊಬ್ಬು ಕರಗದೆ ಇರುತ್ತದೆಯೇ? ಅದೂ ಅವನ ಕೆಲಸ ಖಾಯಂ ಆಗಬೇಕಾದ ತಿಂಗಳಲ್ಲಿ.

ಪಕ್ಕದ ಮೇಜಿನ ಅಕ್ಕನಿಗೆ ಇನ್ನೊಬ್ಬರ ಕಷ್ಟದ ವಾಸನೆ ಬೇಗ ಬಡಿಯುತ್ತಿತ್ತು. ಬಂದು ಬಾಯಿ ಬಿಡಿಸಿದಳು. ಹಿಂದೆ ಬರೀ ಗಾಜಿನ ಲೋಟ ಒಡೆದವನನ್ನು ಮೇಡಂ ಹೇಗೆ ಮನೆಗೆ ಕಳಿಸಿದರು ಎಂಬುದನ್ನು ವಿವರವಾಗಿ ಹೇಳಿ ಸಮಾಧಾನ ಮಾಡಿದಳು.

"ಫ್ರಿಜ್ಜಲ್ಲಿ ಕೊಬ್ಬು ಮಿಕ್ಕಿದೆ. ಕಲಸಿ ಹಾಯಿಸಿದ್ರೆ ತಾನೇ ಹತ್ಕೊಳ್ಳುತ್ತೆ. ನೀನು ಬಾಯಿ ಮುಚ್ಕೊಂಡಿರು," ಎಂದಳು.

ಮೇಡಂ ಮೀಟಿಂಗಿನಲ್ಲಿದ್ದರು. ಹೊರಗೆ ಹೆಜ್ಜೆ ಸದ್ದಾದಾಗಲೆಲ್ಲ ಅವನ ಜೀವ ಬಾಯಿಗೆ ಬರುತ್ತಿತ್ತು. ಇಬ್ಬರೂ ಊಟ ಬಿಟ್ಟು ಕೊಬ್ಬು ಕಲಸಿ ಪಂಪಿಗೆ ಕೊಟ್ಟರು. ಹಾಲಿನಂತಿದ್ದ ಕೊಬ್ಬಿನ ನೀರು ಕಾಲಮ್ಮಿನಲ್ಲಿ ಹಾದು ಮುಗಿಯುವುದಕ್ಕೂ ಮೇಡಂ ಒಳಗೆ ಬರುವುದಕ್ಕೂ ಸರಿಹೋಯಿತು. ಬಂದವರೇ ಔಷಧಿ ಹಾಕಿ ಕಂಪ್ಯೂಟರಿನ ಮುಂದೆ ನಿಂತರು.

ಔಷಧಿ ಹೊರಬಂದಾಗ ಪರದೆಯ ಮೇಲೆ ಏಳಬೇಕಾದ ಗೆರೆ ಬಹಳ ಹೊತ್ತು ಮಲಗಿಯೇ ಇತ್ತು. ಆಮೇಲೆ ನಿನ್ನೆ ಎದ್ದ ಜಾಗದಲ್ಲೇ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಎದ್ದಿತು. ಗಾಬರಿಗೆ ಹೋದ ಜೀವ ಬಂದಂತಾಯಿತು. ಮೇಡಂ ಮಾತ್ರ ಕುರ್ಚಿ ಹಿಡಿದು ಕೂತರು.

"ಕೊಬ್ಬು ಹೊದಿಸಿದ ಕಾಲಂ ನನ್ನ ಡ್ರಾಯರಲ್ಲಿದೆ," ಎಂದರು. "ಹೋಲಿಸಿ ನೋಡೋಣ ಅಂತ ಬೆಳಿಗ್ಗೆ ಯಾರಿಗೂ ಹೇಳದೆ ಇದನ್ನ ಹಾಕಿದ್ದೆ. ಇದರಲ್ಲಿ ಕೊಬ್ಬೇ ಇಲ್ಲ. ಔಷಧಿ ನಿಲ್ಲದೆ ಓಡಿ ಬರ್ಬೇಕಿತ್ತು. ಕೊಬ್ಬು ಇದ್ರೂ ಒಂದೇ, ಇಲ್ದಿದ್ರೂ ಒಂದೇ ಅಂದ್ಮೇಲೆ ಮೂರು ವರ್ಷ ನಾವು ಮಾಡಿದ್ದೇನು?"

ನಾಳೆಯೇ ಯೋಜನೆ ಮುಚ್ಚುವುದಾಗಿಯೂ ಎಲ್ಲರೂ ಬೇರೆ ಕೆಲಸ ನೋಡಿಕೊಳ್ಳಬೇಕೆಂದೂ ಹೇಳಿದರು. ಮತ್ತೆ ಗಾಬರಿಯ ಕಡೆ ತಿರುಗಿದರು. "ಮೀಟಿಂಗಲ್ಲಿ ಈಗ ತಾನೇ ನಿನ್ನ ಕೆಲಸ ಖಾಯಂ ಮಾಡಿಸಿ ಬಂದೆ ಕಣಪ್ಪ. ಹೇಳಿದ್ದು ಬಿಟ್ಟು ಬೇರೆ ಯಾವುದಕ್ಕೂ ಕೈ ಹಾಕೋನಲ್ಲ ಅಂತ."

ಬೆಳಿಗ್ಗೆ ಅವನು ತೊಳೆದದ್ದು ಏನೂ ಇಲ್ಲದ ಕಾಲಂ. ಅದಕ್ಕೆ ಕೊಬ್ಬು ಹತ್ತಿಸಿದವರು ತಾನೂ ಅಕ್ಕನೂ. ಹೇಳಿದರೆ ಅವನ ಕೆಲಸ ಹೋಗುತ್ತದೆ. ಹೇಳದಿದ್ದರೆ ಎಲ್ಲರ ಜೊತೆ ಅವನದೂ ಹೋಗುತ್ತದೆ. ಹೇಳಿಯೇ ಬಿಡೋಣವೆಂದು ಬಾಯಿ ತೆರೆದ. ಹಿಂದಿನಿಂದ ಅಕ್ಕ ಅವನ ಕಾಲನ್ನು ಬಲವಾಗಿ ತುಳಿದಳು. ಹೊರಟಿದ್ದು "ಅಯ್ಯೋ" ಒಂದೇ.

"ನಿನಗಾದ್ರೂ ಅರ್ಥವಾಯ್ತಲ್ಲ," ಎಂದು ಮೇಡಂ ಕಣ್ಣೊರೆಸಿಕೊಂಡರು.