ಏಕಾಂತಮ್ಮನ ನೆತ್ತಿಯ ಸೂಜಿ

"ನಮ್ಮನೆಗೆ ದೆವ್ವ ಹೊಕ್ಕಿದ್ರೆ ನಾನೇ ಓಡಿಸ್ತೀನಿ. ನನ್ ಹೆಸ್ರು ಕೇಳಿದ್ರೆ ಅದು ಹಿರಿಯೂರು ಬಿಟ್ಟು ಹೋಗ್ಬೇಕು" ಎಂದು ಪ್ರಭುಲಿಂಗ ತೆಂಗಿನಕಾಯಿ ಮಂಡಿಯಲ್ಲಿ ಮೀಸೆ ತಿರುವಿದ್ದು ಬೆಳಿಗ್ಗೆ. ಸಂಜೆಯ ಹೊತ್ತಿಗೆ ಮೀಸೆ ತಾನಾಗಿಯೇ ಇಳಿದಿತ್ತು.

ಮನೆಯಲ್ಲಿ ಕೆಲವು ದಿನಗಳಿಂದ ಏನೋ ಸರಿಯಿರಲಿಲ್ಲ. ಹಲ್ಲು ಕಟಕಟಿಸುವ ಚಳಿಯಲ್ಲೂ ಫ್ಯಾನು ಗರಗರ ತಿರುಗುತ್ತಿತ್ತು. ಹೆಂಡತಿ ಏಕಾಂತಮ್ಮ ಮುದ್ದೆ ತಿರುವುತ್ತಿದ್ದವಳು ಸುಮ್ಮಸುಮ್ಮನೆ ಅಳುವಳು, ಕಣ್ಣೊರೆಸುವ ಮೊದಲೇ ಸಿಡುಕುವಳು. ಅವಳ ದಿಂಬು ಮುಟ್ಟಿದರೆ ಒದ್ದೆ. ಇಷ್ಟು ವರ್ಷ ಜೊತೆಗೆ ಬಾಳಿದವಳನ್ನು ಯಾರೋ ಒಳಗಿನಿಂದಲೇ ಕದ್ದೊಯ್ಯುತ್ತಿದ್ದಾರೆ ಅನಿಸಿ ಅವನಿಗೆ ನಿಜಕ್ಕೂ ಭಯವಾಗಿತ್ತು.

ಆ ಸಂಜೆ ಬಾಗಿಲು ತಳ್ಳಿದಾಗ ಮನೆಯೆಲ್ಲ ಕತ್ತಲೆ. ಅಡುಗೆಮನೆಯಲ್ಲಿ ಮಾತ್ರ ಬಿಳಿ ಬೆಳಕು. ತೆರೆದ ಫ್ರಿಜ್ಜಿನೊಳಗೆ ತಲೆಯಿಟ್ಟು, ಕೂದಲು ಬಿಚ್ಚಿಕೊಂಡು ಒಬ್ಬಳು ನಿಂತಿದ್ದಳು. ಮೆಲ್ಲಗೆ ತಿರುಗಿದಳು. ಕೆಂಪಾದ ಮುಖದಿಂದ ನೀರು ತೊಟ್ಟಿಕ್ಕುತ್ತಿತ್ತು. ನೆತ್ತಿಯ ಮೇಲೆ ಕೂದಲೆಳೆಯಷ್ಟು ಸಣ್ಣ ಸೂಜಿಯೊಂದು ನೆಟ್ಟಗೆ ನಿಂತು ಮಿನುಗುತ್ತಿತ್ತು.

"ಬಂದ್ರಾ?" ಎಂದಳು.

ಪ್ರಭುಲಿಂಗ ಆಗಲೇ ಹೊರಟಿದ್ದ. ಬೈಕು ನಿಂತಿದ್ದು ಪಕ್ಕದೂರು ಆದಿವಾಲದಲ್ಲಿ, ಅಕ್ಕ ಓಬಕ್ಕನ ಬಾಗಿಲಲ್ಲಿ. "ಯಾರೋ ಮಾಟ ಮಾಡ್ಸವ್ರೆ ಕಣಕ್ಕ. ನೆತ್ತಿಗೇ ಸೂಜಿ ಹೊಡ್ದವ್ರೆ." ಓಬಕ್ಕ ಒಂದು ಬೇವಿನ ಕೊಂಬೆ ಮುರಿದುಕೊಂಡು ಬೈಕಿನ ಹಿಂದೆ ಕುಳಿತಳು.

ಇಬ್ಬರೂ ಬಂದಾಗ ಏಕಾಂತಮ್ಮ ಲೈಟು ಹಾಕಿಕೊಂಡು ಸೊಪ್ಪು ಸೋಸುತ್ತಿದ್ದಳು. ಸೂಜಿ ಪಕ್ಕದ ತಟ್ಟೆಯಲ್ಲಿತ್ತು.

"ಮುಟ್ಟು ನಿಲ್ಲೋ ವಯಸ್ಸಲ್ವಾ ಅತ್ಗೆ, ಒಳಗಿಂದ ಕಾವು ಏರ್ತೈತೆ," ಎಂದಳು. "ಮಾತ್ರೆ ಜೊತಿಗೆ ಚಿತ್ರದುರ್ಗದಾಗೆ ಆಕ್ಯುಪಂಕ್ಚರ್ ಅಂತ ಸೂಜಿ ಚುಚ್ಚಿಸ್ಕಂತಿದೀನಿ. ಎಲ್ಲರಿಗೂ ಆಗಿಬರಲ್ಲ, ಕೆಲವ್ರಿಗೆ ಕಮ್ಮಿ ಆಗ್ತೈತೆ, ನೋಡಾಣ ಅಂದವ್ರೆ ಡಾಕ್ಟರಮ್ಮ. ಒಂದು ಸೂಜಿ ಮರೆತು ನೆತ್ತಿಯಾಗೇ ಉಳಿದಿತ್ತು, ಈಗ ಕಿತ್ತಿಟ್ಟೆ. ಇವ್ರಿಗೆ ಎಲ್ಲಾ ಹೇಳಿದ್ದೆ. ಮೊಬೈಲ್ ನೋಡ್ಕಂಡು ಹ್ಞೂಂ ಅಂದಿದ್ರು."

ಪ್ರಭುಲಿಂಗ ನಕ್ಕು ತೇಲಿಸಲು ನೋಡಿದ. ಓಬಕ್ಕ ನಗಲಿಲ್ಲ.

"ನಂಗೂ ಆ ವಯಸ್ನಾಗೆ ಹಿಂಗೇ ಮೈ ಉರೀತಿತ್ತು, ಅಳು ಬರ್ತಿತ್ತು. ದೆವ್ವ ಮೆಟ್ಕಂಡೈತೆ ಅಂತ ಬೇವಿನ ಸೊಪ್ಪಿನಾಗೆ ಹೊಡ್ಸಿದ್ರಿ. ನನ್ ಕೈ ಎರಡೂ ಗಟ್ಟಿಯಾಗಿ ಹಿಡ್ಕಂಡಿದ್ದು ಯಾರಪ್ಪ?"

ಫ್ಯಾನು ತಿರುಗುತ್ತಲೇ ಇತ್ತು. ಆ ಚಳಿಯಲ್ಲೂ ಪ್ರಭುಲಿಂಗನಿಗೆ ಬೆವರು ಕಿತ್ತುಬಂತು.

ಓಬಕ್ಕ ಬೇವಿನ ಕೊಂಬೆ ಕೈಗೆತ್ತಿಕೊಂಡಳು. "ಇವನಿಗೂ ಬೆವರ್ತೈತೆ ನೋಡು. ಏಕಾಂತಿ, ಬಾರಮ್ಮ. ಇವನ ಕೈ ಹಿಡ್ಕ."