ನವೀಕರಣ ಮಾಡದೆಯೇ ಸಿ.ಡಿ. ಹಿಂದಿರುಗಿಸಲು ಅನುಮತಿ ಕೋರಿ

ಇಂದ:
ದಾಕ್ಷಾಯಿಣಿ, ಎಂ.ಎ.,
ಕೋಂ ಲಿಂಗೈಕ್ಯ ಚಂದ್ರಮೌಳಿ,
ಸಿದ್ಧಾರ್ಥನಗರ, ಮೈಸೂರು.

ಗೆ:
ಅಧ್ಯಕ್ಷರು (ಶ್ರೀ ಷಡಕ್ಷರಿಯವರು),
ಮನೆಮನೆ ಗಣಕ ಬಳಕೆದಾರರ ಸಂಘ,
ಚಾಮರಾಜಪುರಂ, ಮೈಸೂರು.

ದಿನಾಂಕ: 2–12–2002

ವಿಷಯ: ದಿವಂಗತ ಸದಸ್ಯರು ಎರವಲು ಪಡೆದಿದ್ದ, ಕಂಪ್ಯೂಟರ್ ತಂತ್ರಾಂಶ ನವೀಕರಣದ ಸಿ.ಡಿ.ಯನ್ನು, ನವೀಕರಣ ಮಾಡದೆಯೇ ಹಿಂದಿರುಗಿಸುವ ಬಗ್ಗೆ.

ಉಲ್ಲೇಖ:
1) ಸಂಘದ ನಿಯಮ 7.
2) ಕಾರ್ಯದರ್ಶಿ ಶ್ರೀ ನಂಜುಂಡಸ್ವಾಮಿಯವರ ಮೌಖಿಕ ಜ್ಞಾಪನ, ನಮ್ಮ ಗೇಟಿನ ಬಳಿ, ದಿನಾಂಕ 18–11–2002.
3) ನನ್ನ ಅತ್ತೆಯವರ ತೀರ್ಮಾನ, ದಿನಾಂಕ 27–11–2002.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಕೆಳಗಿನ ಅಂಶಗಳನ್ನು ತಮ್ಮ ಗಮನಕ್ಕೆ ತರುತ್ತಿದ್ದೇನೆ.

1. ದಿನಾಂಕ 18–11–2002, ಸೋಮವಾರ. ಶಿವಗಣಾರಾಧನೆ ಮುಗಿದು, ಬಂದಿದ್ದ ನೆಂಟರೆಲ್ಲ ಹಿಂದಿನ ಸಂಜೆ ಹೊರಟುಹೋಗಿದ್ದ ಕಾರಣ, ನನ್ನ ಪತಿಯ ಅಂತ್ಯಕ್ರಿಯೆಯ ನಂತರದ ಮೊದಲ ಮಾಮೂಲಿ ಬೆಳಗು ಅದು. ಹಾಲು ಬಂತು. ಪೇಪರ್ ಬಂತು. ನಲ್ಲಿಯಲ್ಲಿ ನೀರೂ ಬಂತು. ಅಳುವುದಕ್ಕೆ ಹೊಸಬರು ಯಾರೂ ಬರಲಿಲ್ಲವಾದ್ದರಿಂದ ಅತ್ತೆ ಸಿದ್ದಲಿಂಗಮ್ಮನವರು ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚಲು ಕುಳಿತರು.

2. ಎಂಟೂವರೆಗೆ ಶ್ರೀ ನಂಜುಂಡಸ್ವಾಮಿಯವರು ಸಂಘದ ಪುಸ್ತಕ ಹಿಡಿದು ಬಂದರು. ಒಳಗೆ ಕರೆದರೂ ಬರಲಿಲ್ಲ.

“ಈ ಹೊತ್ನಲ್ಲಿ ಕೇಳ್ಬಾರ್ದು ಕಣಮ್ಮ,” ಎಂದರು.

“ಕೇಳಿ.”

“ಮೌಳಿ ಒಂದು ಸಿ.ಡಿ. ತಗೊಂಡಿದ್ರು. ಗಡುವು ಒಂಬತ್ತನೇ ತಾರೀಕಿಗೇ ಮುಗೀತು. ಮುಂದಿನ ಸರದಿ ಅಧ್ಯಕ್ಷರದ್ದು. ಅವರು ದಿನಾ ಫೋನ್ ಮಾಡ್ತಾವ್ರೆ.”

ಆ ಅಧ್ಯಕ್ಷರು ತಾವೇ ಆಗಿದ್ದೀರೆಂದು ಅರಿತಿದ್ದೇನೆ. ತಮ್ಮನ್ನು ಕಾಯಿಸಿದ್ದಕ್ಕೆ ವಿಷಾದವಿದೆ. ಪತಿಯವರು ಸಿ.ಡಿ.ಯನ್ನು ಮಂಗಳವಾರ ಯಂತ್ರದೊಳಗೆ ಹಾಕಿ “ಭಾನುವಾರ ಕೂತ್ಕೊಂಡು ಮಾಡ್ತೀನಿ” ಎಂದಿದ್ದರು. ಬುಧವಾರ, ನವೆಂಬರ್ ಆರರಂದು, ತೀರಿಕೊಂಡರು.

3. ಸಿ.ಡಿ. ಹೊರತೆಗೆಯಬೇಕಾದರೆ ಯಂತ್ರ ಚಾಲೂ ಆಗಬೇಕು. ಆದ್ದರಿಂದ ಚಾಲೂ ಮಾಡಿದೆ. ಕೂಡಲೇ ಪರದೆಯ ಮೇಲೆ ಒಂದು ಪ್ರಶ್ನೆ ಬಂತು. ನಾನು ಅದನ್ನು ಪೂರ್ತಿ ಓದದೆ ‘ಹೌದು’ ಒತ್ತಿದೆ. ಆ ಹನ್ನೆರಡು ದಿನ ಯಾರು ಏನು ಕೇಳಿದರೂ ಹೌದು ಎಂದೇ ಹೇಳಿ ಅಭ್ಯಾಸವಾಗಿತ್ತು. ಕಾರಣ, ನವೀಕರಣವು ಪ್ರಾರಂಭಗೊಂಡಿತು.

4. ನವೀಕರಣವು ಶೇಕಡಾ ಅರವತ್ತೆರಡಕ್ಕೆ ಬಂದು ನಿಂತಿತು. ಸಿ.ಡಿ. ಓದಲಾಗುತ್ತಿಲ್ಲ ಎಂಬ ಸೂಚನೆ ಬಂತು. ಅದರೊಡನೆ ಯಂತ್ರದಿಂದ ನನ್ನ ಪತಿಯ ದನಿ ಕೇಳಿತು:

“ಅಯ್ಯಯ್ಯೋ, ಏನ್ ಮಾಡ್ಬುಟ್ಟೆ ಕಣೇ!”

5. ಇದಕ್ಕೆ ವಿವರಣೆ ಅಗತ್ಯವಿದೆ. ಯಂತ್ರ ಕೊಂಡ ಹೊಸತರಲ್ಲಿ, ಏನಾದರೂ ತಪ್ಪಾದಾಗ ಅದು ‘ಟಣ್’ ಎನ್ನುತ್ತಿತ್ತು. ನಾನು ಬೆಚ್ಚಿ ಕುರ್ಚಿ ಹಿಂದಕ್ಕೆ ಸರಿಸುತ್ತಿದ್ದೆ. ಅದನ್ನು ಕಂಡ ಪತಿಯವರು ‘ಟಣ್’ ತೆಗೆದುಹಾಕಿ, ಆ ಜಾಗದಲ್ಲಿ ತಮ್ಮ ಮಾತನ್ನೇ ಮೈಕಿನಲ್ಲಿ ಹೇಳಿ ಸೇರಿಸಿದರು. ಕೊನೆಯಲ್ಲಿ ಅರ್ಧ ನಗು ಇದೆ. ಅಷ್ಟರಲ್ಲಿ ರೆಕಾರ್ಡಿಂಗ್ ನಿಂತಿದೆ. ಆ ಮಾತು ನನ್ನನ್ನು ಕುರಿತದ್ದು.

6. ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವ ಸದ್ದು ನಿಂತಿತು. ಅತ್ತೆ ಬಾಗಿಲಿಗೆ ಬಂದರು.

“ಯಾರೇ ಅದು?”

“ಕಂಪ್ಯೂಟರ್, ಅತ್ತೆ.”

“ಕಂಪ್ಯೂಟರ್‌ಗೆ ನನ್ ಮಗನ ಗಂಟಲು ಎಲ್ಲಿಂದ ಬಂತು?”

ಹೇಳಿದೆ. ಅವರು ಈರುಳ್ಳಿಯ ಕೈಯಲ್ಲೇ ಕುರ್ಚಿ ಎಳೆದುಕೊಂಡು ಕುಳಿತು, “ಎಲ್ಲಿ, ಇನ್ನೊಂದು ಸಲ ಕೆಡಿಸು,” ಎಂದರು.

7. ಅಂದಿನಿಂದ ಒಂಬತ್ತು ದಿನಗಳ ಕಾಲ ನಮ್ಮ ಮನೆಯಲ್ಲಿ ನವೀಕರಣವು ಬೆಳಿಗ್ಗೆ ಒಂದು ಬಾರಿ, ಸಂಜೆ ದೀಪ ಹಚ್ಚಿದ ಮೇಲೆ ಒಂದು ಬಾರಿ ನಡೆದಿದೆ. ಪ್ರತಿ ಬಾರಿಯೂ ಅರವತ್ತೆರಡಕ್ಕೆ ನಿಂತು, ಪತಿಯವರು ಬೈದು, ‘ರದ್ದು’ ಒತ್ತಿದ ಮೇಲೆ ಹಳೆಯ ಆವೃತ್ತಿ ಮರಳಿದೆ. ಕಾಯುವಾಗ ಅತ್ತೆ ಬಟಾಣಿ ಸುಲಿಯುತ್ತಾರೆ. “ಐವತ್ತೆಂಟಾಯ್ತು, ಬಾರೇ” ಎಂದು ನನ್ನನ್ನೂ ಕರೆಯುತ್ತಾರೆ. ದನಿ ಬಂದಾಗ “ನೋಡು, ಹೆತ್ತ ತಾಯಿಗೇ ಕಣೇ ಅಂತಾನೆ” ಎಂದು ಪಕ್ಕದ ಮನೆಯವರಿಗೆ ದೂರು ಹೇಳುತ್ತಾರೆ. ಪಕ್ಕದ ಮನೆಯವರು ಎರಡು ದಿನ ನಮ್ಮ ಮನೆಗೆ ಬರಲಿಲ್ಲ. ಮೂರನೆಯ ದಿನ ಬಂದು ತಾವೂ ಕುಳಿತು ಕೇಳಿ, ಬಟಾಣಿ ಸುಲಿದುಕೊಟ್ಟು ಹೋದರು.

8. ಈ ಮಧ್ಯೆ, ನವೀಕರಣದ ನಂತರ ನಾನು ಬರೆದುಕೊಡಬೇಕಾದ ವರದಿಗೆ ಮಾದರಿಯೆಂದು ಕಾರ್ಯದರ್ಶಿಯವರು ಇತರ ಸದಸ್ಯರ ಅನುಭವ ವರದಿಗಳನ್ನು ಕಳುಹಿಸಿದ್ದರು. ಓದಿದ್ದೇನೆ. ಅಶೋಕಪುರಂನ ಶ್ರೀ ಚಿಕ್ಕಯ್ಯನವರು “ನವೀಕರಣದ ನಂತರ ಪ್ರಿಂಟರ್ ನಮ್ಮನ್ನು ಗುರುತಿಸುತ್ತಿಲ್ಲ” ಎಂದು ಬರೆದಿದ್ದಾರೆ. ಶ್ರೀಮತಿ ಮಂಗಳಮ್ಮನವರು “ಇಸ್ಪೀಟಾಟ ಮೊದಲಿನಂತೆಯೇ ಇದೆ, ಮಿಕ್ಕಿದ್ದು ನೋಡಿಲ್ಲ” ಎಂದಿದ್ದಾರೆ. ಎರಡೂ ವರದಿಗಳನ್ನು ಸಂಘವು ತೃಪ್ತಿಕರ ಎಂದು ಅಂಗೀಕರಿಸಿರುವುದನ್ನು ಗಮನಿಸಿದ್ದೇನೆ.

9. ದಿನಾಂಕ 27–11–2002ರಂದು ಶ್ರೀ ನಂಜುಂಡಸ್ವಾಮಿಯವರು ಸ್ವತಃ ತನಿಖೆಗೆ ಬಂದು, ಈ ಸಲ ಒಳಗೂ ಬಂದು, ಸಿ.ಡಿ.ಯನ್ನು ಹೊರತೆಗೆದರು. ಬೆಳಕಿಗೆ ಹಿಡಿದರು. ಹೊಳೆಯುವ ಬದಿಯಲ್ಲಿ ವಿಭೂತಿಯ ಮೂರು ಗೆರೆಗಳೂ ನಡುವೆ ಗಂಧದ ಬೊಟ್ಟೂ ಪತ್ತೆಯಾದವು.

“ಇದೇನ್ರಮ್ಮ ಇದು!”

“ಆಯುಧಪೂಜೆಗೆ ಇಟ್ಟಿದ್ದು,” ಎಂದರು ಅತ್ತೆ. “ಕಂಪ್ಯೂಟರ್‌ಗೆ ಇಟ್ಟೆ, ಸ್ಕೂಟರ್‌ಗೆ ಇಟ್ಟೆ, ಈಳಿಗೆಮಣೆಗೂ ಇಟ್ಟೆ. ಇದೊಂದನ್ನೇ ಬುಟ್ಬುಡಕ್ಕಾಗ್ತದಾ?”

“ಇಡೋದಾದ್ರೆ ಹೆಸರು ಬರ್ದಿರೋ ಕಡೆ ಇಡ್ಬೇಕಿತ್ತು ಕಣ್ರಮ್ಮ!”

“ಹೊಳೆಯೋ ಕಡೆ ತಾನೇ ಮುಖ? ಬೆನ್ನಿಗೆ ಯಾರಾದ್ರೂ ವಿಭೂತಿ ಇಡ್ತಾರೇನಪ್ಪ?”

ಕಾರ್ಯದರ್ಶಿಯವರು ಕರವಸ್ತ್ರ ಒದ್ದೆ ಮಾಡಿಕೊಂಡು ಗೆರೆಗಳನ್ನು ಒರೆಸಿ, ಸಿ.ಡಿ.ಯನ್ನು ಒಳಗೆ ಹಾಕಿ, ನವೀಕರಣಕ್ಕೆ ಚಾಲನೆ ನೀಡಿದರು.

10. ಅರವತ್ತೆರಡು ಬಂತು. ಅರವತ್ತಮೂರೂ ಬಂತು.

ಅತ್ತೆ ನನ್ನ ಮುಖ ನೋಡಿದರು. ಎಪ್ಪತ್ತು ದಾಟಿದ ಮೇಲೆ, “ಇದು ಮುಗಿದ್ರೆ ಅವನು ಮಾತಾಡ್ತಾನೇನಪ್ಪ?” ಎಂದು ಕಾರ್ಯದರ್ಶಿಯವರನ್ನೇ ಕೇಳಿದರು.

“ಯಾರು?”

ನಾನು ಅಂಶ 4 ಮತ್ತು 5ನ್ನು ಅವರಿಗೆ ಸಂಕ್ಷಿಪ್ತವಾಗಿ ತಿಳಿಸಿದೆ. ಅವರು ಕನ್ನಡಕ ತೆಗೆದರು.

“ಇಲ್ಲಮ್ಮ. ಹಳೇ ಸದ್ದೆಲ್ಲ ಅಳಿಸಿ ಹೊಸದು ಕೂರ್ಸುತ್ತೆ. ಏನ್ ತಪ್ಪಾದ್ರೂ ಇನ್ಮೇಲೆ ‘ಟುಂಯ್’ ಅನ್ನುತ್ತೆ. ಕೇಳಕ್ಕೆ ಇಂಪಾಗಿರುತ್ತೆ.”

“ಟುಂಯ್?”

“ಬೇಕಿದ್ರೆ ಈಗ್ಲೇ ನಿಲ್ಸಿ, ಮೌಳಿ ಮಾತನ್ನ ಒಂದು ಫ್ಲಾಪಿಗೆ ಹಾಕ್ಕೊಡ್ತೀನಿ. ಬೇಕಂದಾಗೆಲ್ಲ ಕೇಳ್ಬೋದು.”

“ಬೇಕಂದಾಗೆಲ್ಲ ಅವನು ಯಾವತ್ತಪ್ಪ ಮಾತಾಡಿದ್ದ?” ಎಂದರು ಅತ್ತೆ. “ಹತ್ತು ಸಲ ಕರೆದ್ರೂ ಊ ಅಂತಿರ್ಲಿಲ್ಲ. ನಾವೇನಾದ್ರೂ ಕೆಡಿಸಿದ್ರೆ ಮಾತ್ರ ಬಾಯಿ ಬರೋದು. ಫ್ಲಾಪಿಲಿ ಇರೋನು ನನ್ ಮಗ ಆಗಲ್ಲ, ರೇಡಿಯೋ ಆಯ್ತಾನೆ.”

ಅಷ್ಟರಲ್ಲಿ ತೊಂಬತ್ತೊಂದಾಗಿತ್ತು. ಅತ್ತೆ ಎದ್ದುಹೋಗಿ ಗೋಡೆಯ ಪ್ಲಗ್ ಕಿತ್ತರು.

11. ಹೀಗೆ ನಡುವೆ ಕರೆಂಟು ತೆಗೆದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ ಎಂದಾಗುವ ಸಾಧ್ಯತೆಯಿದೆ ಎಂದು ಕಾರ್ಯದರ್ಶಿಯವರು ತಿಳಿಸಿದರು. ಕಿತ್ತ ಮೇಲೆ ತಿಳಿಸಿದರು. ಮತ್ತೆ ಪ್ಲಗ್ ಹಾಕುವ ಮುನ್ನ ನಾವು ಮೂವರೂ ಕಾಫಿ ಕುಡಿದೆವು. ಪತಿಯವರನ್ನು ಆಸ್ಪತ್ರೆಗೆ ಸೇರಿಸಿದ ಬೆಳಿಗ್ಗೆ ವೈದ್ಯರು ಹೊರಬರುವವರೆಗೆ ನಾನು ಬೆಂಚಿನ ಮೇಲೆ ಹೀಗೆಯೇ ಕುಳಿತಿದ್ದೆ. ಆ ದಿನ ಕಾಫಿ ಇರಲಿಲ್ಲ.

ಪ್ಲಗ್ ಹಾಕಿದೆ. ಪರದೆ ಬಹಳ ಹೊತ್ತು ಕಪ್ಪಾಗಿಯೇ ಇತ್ತು. ನಂತರ ಹಳೆಯ ಆವೃತ್ತಿ ಬಂತು. ದನಿ ಉಳಿದಿದೆಯೇ ಎಂದು ಖಚಿತಪಡಿಸಿಕೊಳ್ಳಲು, ಒಳಗೆ ಫ್ಲಾಪಿ ಇಲ್ಲದಿದ್ದರೂ ‘ಫ್ಲಾಪಿ ತೆರೆ’ ಎಂದು ಯಂತ್ರಕ್ಕೆ ಆದೇಶಿಸಿದೆ.

“ಅಯ್ಯಯ್ಯೋ, ಏನ್ ಮಾಡ್ಬುಟ್ಟೆ ಕಣೇ!”

ಕಾರ್ಯದರ್ಶಿಯವರು ಕುರ್ಚಿಯಿಂದ ಎದ್ದು ನಿಂತರು. ನಾನು ಅತ್ತುಬಿಟ್ಟೆ. ಇದು ನವೆಂಬರ್ ಆರರ ನಂತರ ಮೊದಲ ಬಾರಿ. ಸುಮಾರು ಅರ್ಧ ಗಂಟೆ ಮುಂದುವರಿಯಿತು. ಸಿದ್ದಲಿಂಗಮ್ಮನವರು ತಡೆಯಲಿಲ್ಲ. “ಬುಡಿ, ಅಳ್ಲಿ. ಬಹಳ ದಿನದ ಬಾಕಿ,” ಎಂದು ಕಾರ್ಯದರ್ಶಿಯವರಿಗೆ ಹೇಳಿ, ಅವರಿಗೆ ಇನ್ನೊಂದು ಲೋಟ ಕಾಫಿ ಕೊಟ್ಟರು.

12. ನಿಯಮ 7ರ ಪ್ರಕಾರ, ಪಡೆದ ಸದಸ್ಯರು ನವೀಕರಣವನ್ನು ಪೂರ್ಣಗೊಳಿಸಿದ ಮೇಲೆಯೇ ಸಿ.ಡಿ.ಯನ್ನು ಹಿಂದಿರುಗಿಸತಕ್ಕದ್ದು. ಈ ನಿಯಮ ಸಡಿಲಿಸುವ ಅಧಿಕಾರ ತಮಗೆ ಮಾತ್ರ ಇದೆಯೆಂದೂ, ಬರೆದು ಕೊಡಬೇಕೆಂದೂ ಕಾರ್ಯದರ್ಶಿಯವರು ಹೊರಡುವಾಗ ಸೂಚಿಸಿದರು. ಆದ್ದರಿಂದ ಈ ಅರ್ಜಿ.

ಮೇಲಿನ ಕಾರಣಗಳಿಂದ, ನಮ್ಮ ಯಂತ್ರವು ಹಳೆಯ ಆವೃತ್ತಿಯಲ್ಲೇ ಮುಂದುವರಿಯಲು ಅನುಮತಿ ನೀಡಬೇಕಾಗಿಯೂ, ಮುಂದೆ ಎಷ್ಟೇ ಉತ್ತಮವಾದ ಆವೃತ್ತಿ ಬಂದರೂ ನಮ್ಮ ಮನೆಗೆ ತಿಳಿಸಬಾರದಾಗಿಯೂ ಕೋರುತ್ತೇನೆ. ತಾವು ನವೀಕರಣ ಮಾಡಿಕೊಳ್ಳುವುದಕ್ಕೆ ನಮ್ಮ ಅಭ್ಯಂತರವಿಲ್ಲ. ಟುಂಯ್ ಚೆನ್ನಾಗಿರಬಹುದು.

ಹಳೆಯ ಆವೃತ್ತಿಯ ತಮ್ಮ ವಿಶ್ವಾಸಿ,
ದಾಕ್ಷಾಯಿಣಿ

ಅಡಕ:
1) ಸಿ.ಡಿ. ಒಂದು. ಒರೆಸಿದೆ. ಅಂಚಿನಲ್ಲಿ ಸ್ವಲ್ಪ ಗಂಧದ ವಾಸನೆ ಉಳಿದಿದೆ; ಓದುವುದಕ್ಕೆ ತೊಂದರೆಯಿಲ್ಲ.
2) ಅನುಭವ ವರದಿಯ ನಮೂನೆ. ‘ನವೀಕರಣದಿಂದ ಆದ ಅನುಕೂಲ’ ಎಂಬಲ್ಲಿ ಈ ಅರ್ಜಿಯ ಅಂಶ 11 ನೋಡುವುದು.
3) ಸುಲಿದ ಬಟಾಣಿ, ಅರ್ಧ ಸೇರು. ಅತ್ತೆ ಕಳುಹಿಸಿದ್ದು. ಕಾಯಿಸಿದ್ದಕ್ಕೆ.

ವಿಶೇಷ ಸೂಚನೆ: ಸಿ.ಡಿ. ಪಡೆದವರು ಮತ್ತು ಹಿಂದಿರುಗಿಸಿದವರು ಒಬ್ಬರೇ ಆಗಿರಬೇಕು, ಎರಡೂ ಸಹಿ ತಾಳೆಯಾಗಬೇಕು ಎಂದು ಕಾರ್ಯದರ್ಶಿಯವರು ನಮ್ಮಲ್ಲಿ ಬಿಟ್ಟುಹೋದ ಸಂಘದ ಪುಸ್ತಕದ ತಲೆಯಲ್ಲಿ ಅಚ್ಚಾಗಿದೆ. ಪಡೆದ ಕಾಲಂನಲ್ಲಿ ಅವರ ಸಹಿ ಇದೆ. ಅದನ್ನು ನೋಡಿದೆ. ಹಿಂದಿರುಗಿಸಿದ ಕಾಲಂನಲ್ಲಿ ನನ್ನದನ್ನು ಹಾಕಿದ್ದೇನೆ. ತಾಳೆಯಾಗುವುದಿಲ್ಲ. ದಯವಿಟ್ಟು ಸ್ವೀಕರಿಸಿ.